ಬ್ಯಾಟರಿ ಸಾಬರ ಬೆರಳುಗಳು

ಬ್ಯಾಟರಿ ಸಾಬರ ಅಂಗಿಯಲ್ಲಿ ತೂತಿಲ್ಲದ ಜಾಗ ಹುಡುಕುವುದು ಕಷ್ಟವಿತ್ತು. ಆಸಿಡ್ ಸಿಡಿದು ಸಿಡಿದು ಎದೆಯ ಭಾಗ ಜರಡಿಯಾಗಿತ್ತು. ಒಳಗಿನ ಬನಿಯನ್ನಿಗೂ ಅದೇ ಗತಿ. ಹಬ್ಬಕ್ಕೆ ಹೊಲಿಸಿದ ಅಂಗಿಯೂ ಎರಡು ವಾರದಲ್ಲಿ ಅದೇ ಜಾತಿಗೆ ಸೇರುತ್ತಿತ್ತು. ಕೈ ಮಾತ್ರ ಚೊಕ್ಕ. ಸೋಡಾ ಕಲಸಿದ ನೀರಿನಲ್ಲಿ ಗಳಿಗೆಗೊಮ್ಮೆ ತೊಳೆಯುತ್ತಿದ್ದರು. ಯಾರಾದರೂ ಬ್ಯಾಟರಿ ತಂದರೆ ಅವರು ಮೊದಲು ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದರು. ಮೇಲಿನ ಎರಡು ಸೀಸದ ಗೂಟಗಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒಂದೊಂದಾಗಿ ಹಿಡಿದು, ನಾಡಿ ನೋಡುವವರ ಹಾಗೆ ಕಣ್ಣು ಅರೆಮುಚ್ಚುತ್ತಿದ್ದರು. "ಸಾಬ್ರು ಬ್ಯಾಟರಿಗೆ ಮಂತ್ರ ಹಾಕ್ತಾರ" ಎಂದು ಕೊಟ್ಟೂರಿನ ಲಾರಿ ಡ್ರೈವರುಗಳು ನಗುತ್ತಿದ್ದರು. ನಾನೂ ನಕ್ಕವನೇ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ದನದ ಆಸ್ಪತ್ರೆಯ ಡಾಕ್ಟರ್. ವಯಸ್ಸು ಕಡಿಮೆ, ಸಿಟ್ಟು ಜಾಸ್ತಿ. ನನಗೆ ಕೊಟ್ಟಿದ್ದ ಜೀಪು ಗುಡ್ಡ, ಹಳ್ಳ ಯಾವುದಕ್ಕೂ ಹೆದರುತ್ತಿರಲಿಲ್ಲ. ಆದರೆ ಅದರ ಬ್ಯಾಟರಿ ಇದ್ದದ್ದು ನಾನು ಕೂರುವ ಸೀಟಿನ ಕೆಳಗೆ. ಸೀಟಿಗೆ ನಾಲ್ಕು ಬೋಲ್ಟು, ಅದರ ಕೆಳಗಿನ ತಗಡಿಗೆ ಇನ್ನು ನಾಲ್ಕು. ನೀರು ಹಾಕುವುದಕ್ಕೂ ಅಷ್ಟನ್ನೂ ಬಿಚ್ಚಬೇಕು. ಹಾಗಾಗಿ ಯಾರೂ ನೀರು ಹಾಕುತ್ತಿರಲಿಲ್ಲ.

ಒಂದು ಬೇಸಗೆಯಲ್ಲಿ ಕೂಡ್ಲಿಗಿ ಕಡೆಯ ಗುಡ್ಡದ ಬುಡದ ಹಟ್ಟಿಗಳಲ್ಲಿ ಕುರಿಗೆ ರೋಗ ಬಿತ್ತು. ರೋಗ ಇನ್ನೂ ಮುಟ್ಟದ ಒಂದು ಹಟ್ಟಿಗೆ ಲಸಿಕೆ ಹಾಕಲು ಐಸಿನ ಡಬ್ಬಿ ಇಟ್ಟುಕೊಂಡು ಹೊರಟೆವು. ದಾರಿಯಲ್ಲಿ ಹಳ್ಳ ದಾಟುವಾಗ ಎಂಜಿನ್ ನಿಂತಿತು, ಮತ್ತೆ ಏಳಲಿಲ್ಲ. ಉಸುಕಿನಲ್ಲಿ ತಳ್ಳಲೂ ಆಗದು. ಕೂಗಳತೆಯಲ್ಲಿ ಒಂದು ಟ್ರ್ಯಾಕ್ಟರ್ ಇತ್ತು. ಅದರ ಬ್ಯಾಟರಿಯಿಂದ ತಂತಿ ಎಳೆದು ಕರೆಂಟು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಡ್ರೈವರ್ ಕೈ ಸುಲಿದುಕೊಂಡ, ನಾನು ಅವನನ್ನು ಬೈದೆ. ಅಷ್ಟನ್ನೂ ಬಿಚ್ಚಿ ಜೀಪು ಎಬ್ಬಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿ, ಡಬ್ಬಿಯಲ್ಲಿ ಐಸು ನೀರಾಗಿತ್ತು, ಲಸಿಕೆ ಚೆಲ್ಲುವ ಹಾಗಾಗಿತ್ತು. ಹೊಸ ಲಸಿಕೆ ತರಿಸಿಕೊಂಡು ಹೋಗುವುದರೊಳಗೆ ರೋಗ ನಮಗಿಂತ ಮೊದಲು ಹಟ್ಟಿ ತಲುಪಿತ್ತು. ಸತ್ತ ಕುರಿಗಳನ್ನು ಬೇಲಿಯ ಬದಿಗೆ ಎಳೆದು ಹಾಕುತ್ತಿದ್ದ ಕುರಿಗಾರ ನನ್ನನ್ನು ಬೈಯಲಿಲ್ಲ. "ಬರ್ರಿ ಡಾಕ್ಟರ್ರ, ಉಳಿದವ್ಕಾರ ಹಾಕ್ರಿ" ಎಂದ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಮರುದಿನ ಜೀಪನ್ನು ಬ್ಯಾಟರಿ ಸಾಬರ ಅಂಗಡಿಯ ಮುಂದೆ ನಿಲ್ಲಿಸಿ ಕೂಗಾಡಿದೆ. ಅವರು ನನ್ನ ಕೂಗು ಮುಗಿಯುವವರೆಗೆ ಕೈ ತೊಳೆದರು.

"ಡಾಕ್ಟರ್ ಸಾಹೇಬ್ರ, ಬ್ಯಾಟರಿ ಸಾಯೋದು ತಪ್ಪಲ್ಲರಿ. ಅದನ್ನ ಗೋರಿಯಾಗ ಇಟ್ಟೀರಲ್ಲ, ಅದು ತಪ್ಪು. ಕರೆಂಟು ಕೊಡಾಕ ಬಂದಾವ ಎಲ್ಲಿ ನಿಲ್ತಾನ ಹೇಳ್ರಿ?"

"ಜೀಪಿನ ಮುಂದೆ."

"ಹಂಗಾದ್ರ ಬ್ಯಾಟರಿ ಕೈ ಮುಂದಕ ಬರಬೇಕು."

ಎರಡು ದಿನ ಜೀಪು ಅವರ ಬಳಿಯೇ ಇತ್ತು. ಸೀಟಿನ ಒಂದು ಬದಿಗೆ ಬಾಗಿಲಿನ ಕೀಲು ಹಾಕಿಸಿದರು; ಇನ್ನೊಂದು ಬದಿಗೆ ಕೊಂಡಿ. ಪೆಟ್ಟಿಗೆಯ ಮುಚ್ಚಳದಂತೆ ಸೀಟು ಎದ್ದು ನಿಂತಿತು. ತಗಡಿನ ಬೋಲ್ಟುಗಳ ಬದಲು ಕೈಯಲ್ಲೇ ತಿರುಗಿಸುವ ಚಿಟ್ಟೆ ನಟ್ಟುಗಳು ಬಂದವು. ಬ್ಯಾಟರಿಯಿಂದ ಎರಡು ದಪ್ಪ ಕೇಬಲ್ಲುಗಳನ್ನು ಅಡಿಯಲ್ಲಿ ಎಳೆದು, ಮುಂದಿನ ಬಂಪರಿನ ಹಿಂದೆ ಎರಡು ಹಿತ್ತಾಳೆ ಗೂಟ ನಿಲ್ಲಿಸಿದರು. ಮೇಲೆ ಹಳೆಯ ಟ್ಯೂಬಿನ ರಬ್ಬರು ಮುಚ್ಚಿದರು. ಒಂದು ಗೂಟ ದಪ್ಪ, ಒಂದು ಸಣ್ಣ. ಟ್ರ್ಯಾಕ್ಟರಿನಿಂದ ಕರೆಂಟು ತರಲು ಬೇರೆ ಎರಡು ತಂತಿ ಮಾಡಿಕೊಟ್ಟರು. ಅವುಗಳ ತುದಿಯ ಬಳೆಗಳೂ ಹಾಗೆಯೇ: ಒಂದರದು ದೊಡ್ಡ ತೂತು, ಒಂದರದು ಸಣ್ಣದು. ಅದಲುಬದಲು ಹಾಕಲು ಹೋದರೆ ಎರಡನೆಯದು ಕೂರುವುದೇ ಇಲ್ಲ. ಪ್ಲಸ್ ತಂತಿಯ ಎರಡೂ ತುದಿಗೆ ದಾರ ಸುತ್ತಿದ್ದರು.

"ಇಷ್ಟೆಲ್ಲ ಯಾಕೆ? ಒಂದಕ್ಕೆ ಕೆಂಪು ಬಣ್ಣ ಬಳಿದರೆ ಆಯ್ತಲ್ಲ" ಎಂದೆ.

"ಬಣ್ಣ ಮಣ್ಣಾಗ ಮುಚ್ಚಿ ಹೋಗತೈತ್ರಿ. ಟ್ರ್ಯಾಕ್ಟರ್ ಬ್ಯಾಟರಿ ಮುಟ್ಟಿ ನೋಡ್ರಿ, ಪ್ಲಸ್ ಗೂಟ ಒಂದು ಎಳ್ಳಷ್ಟು ದಪ್ಪ ಇರತೈತಿ. ಮಾಡಿದಾವ್ನ ಹಂಗ ಮಾಡ್ಯಾನ. ನೀವು ಆಕಳ ಹೊಟ್ಟ್ಯಾಗಿನ ಕರ ಕಣ್ಣಿಲೆ ನೋಡ್ತೀರೇನ್ರಿ?"

 ಅಂಗಡಿಯಲ್ಲಿದ್ದ ಒಂದು ಬ್ಯಾಟರಿ ಮುಟ್ಟಿ ನೋಡಿದೆ, ಹೌದು, ಒಂದು ಗೂಟ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪ. ಮಂತ್ರದ ಗುಟ್ಟು ಅಲ್ಲಿತ್ತು.

ಹೊರಡುವಾಗ ತಂತಿಗಳನ್ನು ಸುತ್ತುತ್ತ ತಮಾಷೆಗೆ ಅಂದೆ: "ಸಾಬ್ರೇ, ಒಂದು ಕರಿ ತಂತಿನಾದ್ರೂ ಹಾಕಬಾರದಿತ್ತೇ? ಎರಡೂ ಕೆಂಪೇ ಹಾಕಿದ್ದೀರಿ."

ಸಾಬರ ಕೈ ಸೋಡಾ ನೀರಿನಲ್ಲೇ ನಿಂತಿತು. ನನ್ನ ಡ್ರೈವರನ್ನು ಚಹಾ ತರಲು ಕಳಿಸಿದರು. ಆಮೇಲೆ ತಂತಿಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಾ ಒಂದು ಕರೇದು ಅಂತ ಅನ್ಕೊಂಡಿದ್ದೆರಿ. ಕೆಂಪು ನನ್ನ ಕಣ್ಣಿಗೆ ಕಪ್ಪಾಗ ಕಾಣತೈತಿ. ಹುಟ್ಟಿದಾಗಿಂದ."

ತಮ್ಮನ ಕಥೆ ಹೇಳಿದ್ದು ಆಗ. ಹಡಗಲಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅವರ ತಮ್ಮನಿಗೆ ಒಂದು ಕಣ್ಣು ಇಲ್ಲದ್ದು ನನಗೂ ಗೊತ್ತಿತ್ತು. ಮೊದಲು ಇಬ್ಬರೂ ಒಟ್ಟಿಗೆ ಬ್ಯಾಟರಿ ಕೆಲಸ ಮಾಡುತ್ತಿದ್ದರಂತೆ. ಒಂದು ದಿನ ಲಾರಿಗೆ ಕರೆಂಟು ಕೊಡುವಾಗ ಸಾಬರು ಕೆಂಪು, ಕಪ್ಪು ಅದಲುಬದಲು ಹಿಡಿದರು. ಕಿಡಿ ಹಾರಿ ಬ್ಯಾಟರಿ ಸಿಡಿಯಿತು. ಬಗ್ಗಿ ನಿಂತಿದ್ದವನು ತಮ್ಮ.

"ಅವನಿಗೆ ಇವತ್ತಿಗೂ ಹೇಳಿಲ್ಲರಿ. ಬ್ಯಾಟರಿದ ದೋಷ ಅಂದೆ. ಊರಾಗ ಗೊತ್ತಾದ್ರ ಅಂಗಡಿ ಹೋಗತೈತಿ, ಅವನಿಗೆ ಗೊತ್ತಾದ್ರ ತಮ್ಮ ಹೋಗ್ತಾನ. ನಿಮ್ಮ ಹೊಟ್ಟ್ಯಾಗ ಇರಲಿ."

ಇರಲಿ ಎಂದು ಮಾತು ಕೊಟ್ಟೆ. ಡ್ರೈವರಿಗೂ ಹೇಳಲಿಲ್ಲ.

ಮುಂದಿನ ಬೇಸಗೆಯಲ್ಲಿ ಅದೇ ಹಟ್ಟಿಯ ಹತ್ತಿರ ಜೀಪು ಮತ್ತೆ ಮುಷ್ಕರ ಹೂಡಿತು. ಟ್ರ್ಯಾಕ್ಟರ್ ಬಂತು. ಬಂಪರಿಗೆ ಹಳ್ಳದ ಕೆಸರು ಮೆತ್ತಿತ್ತು. ಕುರಿಗಾರನೇ ರಬ್ಬರಿನ ಕೆಳಗೆ ಕೈ ತೂರಿಸಿ, ದಪ್ಪದ್ದಕ್ಕೆ ದೊಡ್ಡ ಬಳೆ, ಸಣ್ಣದ್ದಕ್ಕೆ ಸಣ್ಣ ಬಳೆ ಸಿಕ್ಕಿಸಿದ. ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಲಿಲ್ಲ. ಐಸು ಐಸಾಗಿಯೇ ಹಟ್ಟಿ ಮುಟ್ಟಿತು. ಆ ವರ್ಷ ಅವನ ಕುರಿ ಸಾಯಲಿಲ್ಲ. ಸಂಜೆ ಸಾಬರಿಗೆ ಎಲ್ಲ ವರ್ಣಿಸಿದೆ. ಅವರು ಕೇಳಿದ್ದು ಒಂದೇ.

"ಕಿಡಿ ಬಂತೇನ್ರಿ?"

"ಇಲ್ಲ."

"ಮತ್ತ ಛಲೋ ಆತು" ಎಂದು ಕೈ ತೊಳೆಯಲು ಹೋದರು.

ಮೂರ್ನಾಲ್ಕು ವರ್ಷದ ಮೇಲೆ ನನಗೆ ಹರಪನಹಳ್ಳಿಗೆ ವರ್ಗವಾಗಿ ಸಾಮಾನು ಕಟ್ಟುತ್ತಿದ್ದ ವಾರ ಸಾಬರು ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೇ. ಮಣ್ಣು ಮಾಡಿ ಬಂದ ಮೇಲೆ ಅವರ ತಮ್ಮ ಬ್ಯಾಟರಿ ಅಂಗಡಿಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕೂತೆ. ಅವನೇ ಮಾತು ತೆಗೆದ.

"ಸಣ್ಣವರಿದ್ದಾಗ ಮೆಣಸಿನಕಾಯಿ ಬಿಡಿಸಾಕ ಹೋಗ್ತಿದ್ವಿ, ಸಾಹೇಬ್ರ. ನಮ್ಮ ಭಾಯಿ ಹಸಿರುಕಾಯಿ, ಕೆಂಪು ಹಣ್ಣು ಎಲ್ಲಾ ಕೂಡಿಸಿ ಬಿಡಿಸ್ತಿದ್ದ. ದಿನಾ ಬೈಸಿಕೊಳ್ತಿದ್ದ. ಅವನಿಗೆ ಕೆಂಪು ಕಾಣಂಗಿಲ್ಲ ಅಂತ ನನಗ ಆಗಿಂದ ಗೊತ್ತಿತ್ತು. ಲಾರಿ ಬ್ಯಾಟರಿ ಸಿಡಿದ ದಿವಸ ತಂತಿ ಅವನ ಕೈಯಾಗ ಕೊಟ್ಟಾವ ನಾನು. ಗೊತ್ತಿದ್ದೂ ನೋಡಿ ಕೊಡಲಿಲ್ಲ. ಅದನ್ನ ಹೇಳಿದ್ರ ಭಾಯಿ ಈ ಕೆಲಸ ಬಿಡ್ತಿದ್ದ. ಅದಕ ಅವ ಬ್ಯಾಟರಿದ ದೋಷ ಅಂದಾಗ ಹೂಂ ಅಂದೆ."

ನಾನು ಇಷ್ಟು ವರ್ಷ ಗುಟ್ಟು ಮುಚ್ಚಿಟ್ಟದ್ದು ಅದು ಮೊದಲೇ ಗೊತ್ತಿದ್ದವನಿಂದ. ಮಾತು ಕೊಟ್ಟಿದ್ದರಿಂದ ಸಾಬರು ಅಂದದ್ದನ್ನು ಹೇಳುವಂತಿಲ್ಲ. ಹೇಳದೆ ಎದ್ದು ಹೋಗುವ ಮನಸ್ಸೂ ಇಲ್ಲ. ಅವನ ಕೈ ಹಿಡಿದು ರಸ್ತೆಯಲ್ಲಿದ್ದ ಜೀಪಿನ ಹತ್ತಿರ ಕರೆದೊಯ್ದೆ. ರಬ್ಬರೆತ್ತಿ, ನಿಮ್ಮಣ್ಣ ಮಾಡಿದ್ದು, ಒಳಗೆ ಮುಟ್ಟಿ ನೋಡು ಎಂದೆ.

ಅವನು ಇದ್ದೊಂದು ಕಣ್ಣನ್ನೂ ಮುಚ್ಚಿದ. ಬೆರಳುಗಳು ಒಂದು ಗೂಟದಿಂದ ಇನ್ನೊಂದಕ್ಕೆ ಹೋದವು, ಮತ್ತೆ ಹಿಂದಕ್ಕೆ ಬಂದವು. ಥೇಟ್ ಅಣ್ಣನ ಹಾಗೆ.

"ದಪ್ಪಂದು ಪ್ಲಸ್ ಏನ್ರಿ?"

"ಹೌದು" ಎಂದೆ.

ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ.