ಹಗಲೆಲ್ಲ ಆರಿಸಿಟ್ಟ ಫೋನು

ಆಗ ನನಗೆ ಅರವತ್ತೊಂಬತ್ತು. ಇದು ನಡೆದು ನಾಲ್ಕು ವರ್ಷ ಆಯಿತು. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಓದುವವರೇ ಸರಿ ಮಾಡಿಕೊಳ್ಳಿ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ನಮ್ಮ ಮನೆಯಲ್ಲಿ ಹಳೇ ಫೋನು ಇಪ್ಪತ್ತು ವರ್ಷಕ್ಕೂ ಮೇಲೆ ಇತ್ತು. ಕರೆಂಟ್ ಇರಲಿ, ಹೋಗಲಿ, ಅದರ ಪಾಡಿಗೆ ಅದು ಹೊಡೆದುಕೊಳ್ಳೋದು. ನನಗೆ ಅದರಿಂದ ಬೇಕಾಗಿದ್ದು ಒಂದೇ. ಭದ್ರಾವತಿ ನ್ಯೂ ಟೌನಿನಲ್ಲಿ ನನ್ನ ಅಕ್ಕ ಇದ್ದಳು. ಭಾವ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡಿದ್ದರು. ಮಕ್ಕಳಿಲ್ಲ. ನಮ್ಮನೆಗೆ ಬಂದಿರು ಅಂದರೆ, "ನಿನ್ನ ಕೈ ಸಾರು ತಿಂದು ಸಾಯೋಕಿಂತ ನನ್ನ ಮನೇಲಿ ಬದುಕ್ತೀನಿ ಮಾರಾಯ್ತಿ" ಅನ್ನೋಳು. ಅದಕ್ಕೆ ಒಂದು ಕಟ್ಟು ಮಾಡಿಕೊಂಡಿದ್ದೆವು. ಬೆಳಿಗ್ಗೆ ಏಳಕ್ಕೆ ಅವಳು ಎರಡು ರಿಂಗ್ ಕೊಟ್ಟು ಕಟ್ ಮಾಡಬೇಕು. ಎದ್ದಿದ್ದೀನಿ, ಚೆನ್ನಾಗಿದ್ದೀನಿ ಅಂತ ಅರ್ಥ. ನಾನು ಎತ್ತಬಾರದು. ಮೂರನೇ ರಿಂಗ್ ಬಂತೋ, ಏನೋ ಆಗಿದೆ, ಎತ್ತಬೇಕು. ಅಷ್ಟು ವರ್ಷದಲ್ಲಿ ಮೂರನೇ ರಿಂಗ್ ಬಂದೇ ಇರಲಿಲ್ಲ.

ಅಕ್ಕನಿಗೆ ಓದು ಬರಹ ಇಲ್ಲ. ಅವಳ ಗುಂಡಿ ಫೋನನ್ನು ಎಲೆಯಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿರೋಳು. ಎರಡು ಅಂತಿರೋ ಗುಂಡಿ ಒತ್ತಿ ಹಿಡಿದರೆ ನಮ್ಮ ಮನೆ. ನನ್ನ ಮಗ ಹಾಗೆ ಮಾಡಿಕೊಟ್ಟಿದ್ದ. ಮಿಕ್ಕ ಗುಂಡಿಗಳಲ್ಲಿ ಯಾರೂ ಇರಲಿಲ್ಲ.

ಆ ವರ್ಷ ಮಗ ಹಳೇ ಲೈನು ತೆಗೆಸಿ ಇಂಟರ್ನೆಟ್ಟಿನ ಫೋನು ಹಾಕಿಸಿದ. ನಂಬರು ಅದೇ. ಗೋಡೆಗೆ ಒಂದು ಬಿಳೀ ಡಬ್ಬ ಬಂತು, ಮೈ ತುಂಬ ಹಸಿರು ದೀಪ. ಹಾಕಲು ಬಂದವನು ನರೆತ ಮೀಸೆಯ ಮನುಷ್ಯ, ನನ್ನ ಮಗನಿಗಿಂತ ದೊಡ್ಡವನು. ಹೋಗುವಾಗ ನನ್ನನ್ನೇ ಕರೆದು, "ಅಮ್ಮಾ, ಈ ಸ್ವಿಚ್ ಮಾತ್ರ ಆರಿಸಬೇಡಿ. ಆರಿಸಿದರೆ ಫೋನೂ ಸತ್ತಂಗೆ" ಅಂದ.

ಕಿವಿ ಕೇಳಿಸಿತು. ತಲೆ ಕೇಳಲಿಲ್ಲ. ಖಾಲಿ ಕೋಣೆಯಲ್ಲಿ ದೀಪ ಉರಿದರೆ ನನಗೆ ಮೈ ಉರಿಯುತ್ತೆ, ಮೊದಲಿಂದಲೂ. ಮಗ ಸೊಸೆ ಇಬ್ಬರೂ ಒಂಬತ್ತಕ್ಕೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ನಾನೊಬ್ಬಳೇ. ಫ್ಯಾನು, ಲೈಟು, ಟಿ.ವಿ. ಎಲ್ಲ ಆರಿಸುತ್ತಾ ಬಂದು ಈ ಡಬ್ಬವನ್ನೂ ಆರಿಸುತ್ತಿದ್ದೆ. ಏಳು ಗಂಟೆಯ ಎರಡು ರಿಂಗು ಬಂದಾಯಿತಲ್ಲ, ಇನ್ನು ಇವತ್ತು ಇದಕ್ಕೇನು ಕೆಲಸ? ಸಾಯಂಕಾಲ ಸೊಸೆ ಬರುವ ಹೊತ್ತಿಗೆ ಹಾಕಿಬಿಡುತ್ತಿದ್ದೆ. ಆರು ತಿಂಗಳು ಹೀಗೇ ನಡೆಯಿತು, ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಮಧ್ಯಾಹ್ನ ಸುಮ್ಮನೆ ರಿಸೀವರ್ ಎತ್ತಿ ನೋಡಿದ್ದೆ. ಉಸಿರಿಲ್ಲ. ಇಟ್ಟುಬಿಟ್ಟೆ. ಗೊತ್ತಿರಲಿಲ್ಲ ಅಂತ ಹೇಳೋಕೆ ಅದಕ್ಕೇ ನನಗೆ ಬಾಯಿಲ್ಲ.

ಆ ದಿನವೂ ಏಳಕ್ಕೆ ಎರಡು ರಿಂಗ್ ಬಂತು. ಒಂಬತ್ತಕ್ಕೆ ಆರಿಸಿದೆ. ಐದಕ್ಕೆ ಹಾಕಿದೆ. ದೀಪಗಳು ಒಂದೊಂದೇ ಹತ್ತಿ ಹಸಿರಾದವು, ಆದ ಕೂಡಲೇ ಫೋನು ಹೊಡೆದುಕೊಂಡಿತು. ಮೂರನೇ ರಿಂಗು. ನಾಲ್ಕನೇದು. ಎತ್ತಿದೆ. ಅಕ್ಕನ ಪಕ್ಕದ ಮನೆಯ ತಮಿಳು ಹೆಂಗಸು, ಅಕ್ಕನ ಫೋನಿನಿಂದಲೇ ಮಾಡಿದ್ದಳು.

"ಏನಮ್ಮಾ ನೀವು, ಎಷ್ಟು ವಾಟಿ, ಎಷ್ಟು ಸಲ ಮಾಡೋದು? ಅಕ್ಕ ಬಚ್ಚಲಲ್ಲಿ ಬಿದ್ದು ಸೊಂಟ ಮುರ್ಕೊಂಡಿದಾರೆ. ನಾನು ಎರಡು ಗಂಟೆಗೆ ಮೊಸರಿಗೆ ಹೆಪ್ಪು ಕೇಳೋಕ್ ಹೋದೆ, ಆಗ ನೋಡಿದ್ದು. ಇಲ್ಲೇ ಆಸ್ಪತ್ರೆಗೆ ಸೇರ್ಸಿದೀವಿ, ಬೇಗ ಬನ್ನಿ."

ಬಿದ್ದದ್ದು ಹತ್ತು ಗಂಟೆಗೆ. ನಾಲ್ಕು ಗಂಟೆ ಹೊತ್ತು ಒದ್ದೆ ನೆಲದಲ್ಲಿ ಮಲಗಿ ಆ ಎರಡನೇ ಗುಂಡಿಯನ್ನೇ ಒತ್ತಿದ್ದಾಳೆ.

ಮಗ, ಸೊಸೆ, ನಾನು ಭದ್ರಾವತಿಯ ಆಸ್ಪತ್ರೆಗೆ ಹೋದೆವು. ನನ್ನ ಮುಖ ಕಂಡದ್ದೇ ತಡ ಅಕ್ಕ, "ಎಲ್ಲಿ ಸತ್ತಿದ್ದೆ ಮಾರಾಯ್ತಿ?" ಅಂದಳು.

ಬಾಯಿಗೆ ಬಂದದ್ದು ಅಂದೆ. "ಫೋನು ಕೆಟ್ಟಿತ್ತಕ್ಕ."

"ಆ ಡಬ್ಬಾನೇ ಸರಿ ಇಲ್ಲ ದೊಡ್ಡಮ್ಮ" ಅಂದ ಮಗ. "ಹಾಕಿದೋನ್ನ ನಾಳೆ ಕರೆಸಿ ನೀರಿಳಿಸ್ತೀನಿ."

"ಹಳೇದು ತೆಗೀಬೇಡ್ರೋ ಅಂತ ಬಡ್ಕೊಂಡೆ, ಕೇಳಿದ್ರಾ?" ಅಂದಳು ಅಕ್ಕ. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಂದು ಬಿಡೇ. ಹಗಲು ಹೊತ್ತು ಮನೇಲೇ ಇರೋಳು ನೀನು, ಎತ್ತಲಿಲ್ಲ ಅಂದ್ರೆ ನಿನಗೇ ಏನೋ ಆಯ್ತು ಅಂತ ನಂಗೆ ಜೀವ ಹೋಯ್ತು" ಅಂದಳು.

ಆಗ ಹೇಳಬೇಕಿತ್ತು. ಬೆನ್ನಿಗೆ ದಿಂಬು ಸರಿ ಮಾಡಿದೆ.

ಆಪರೇಶನ್ ಆಯಿತು. ಅಕ್ಕ ಆಮೇಲೆ ಕೋಲು ಬಿಟ್ಟು ನಡೆಯಲಿಲ್ಲ. ನಮ್ಮ ಮನೆಗೇ ಬಂದು, ನನ್ನ ಕೈ ಸಾರನ್ನು ದಿನಾ ಬೈಯುತ್ತಾ ತಿಂದಳು. ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗಿದೆವು. ಹೇಳೋಕೆ ಹೊತ್ತು ಬೇಕಾದಷ್ಟಿತ್ತು. ಬಂದವರಿಗೆಲ್ಲ ಅವಳು ಆ ಡಬ್ಬ ತೋರಿಸಿ, "ನನ್ನ ಕಾಲು ತಿಂದಿದ್ದು ಇದೇ" ಅನ್ನೋಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದೆ. ಹೋದ ವರ್ಷ ತೀರಿಕೊಂಡಳು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ಅವಳದ್ದು. ಅದನ್ನೂ ಅವಳಿಗೆ ಕೊಡಲಿಲ್ಲ ನಾನು.

ಅವಳು ಬಿದ್ದ ಮಾರನೇ ದಿನ ಬೆಳಿಗ್ಗೆ, ಯಾರೂ ಏಳುವ ಮೊದಲು, ಆ ಸ್ವಿಚ್ಚಿನ ಮೇಲೆ ಮೂರು ಸುತ್ತು ಟೇಪು ಅಂಟಿಸಿದೆ. ಏಳು ಗಂಟೆಗೆ ಫೋನಿನ ಮುಂದೆ ಕೂತೆ. ಅಕ್ಕ ಆಸ್ಪತ್ರೆಯಲ್ಲಿದ್ದಳು, ಯಾರು ಮಾಡಬೇಕು? ಒಂಬತ್ತರ ಒಳಗೆ ಮೀಸೆಯವನು ಬಂದ. ಮಗ ಬಾಯಿಗೆ ಬಂದಂತೆ ಬೈದ. ಅವನು ಡಬ್ಬ ಬಿಚ್ಚಿದ, ತಂತಿ ನೋಡಿದ, "ಎಲ್ಲ ಸರಿ ಇದೆ ಸಾರ್" ಅಂದ. ಆಮೇಲೆ ಆ ಹೊಸ ಟೇಪು ನೋಡಿದ. ನನ್ನನ್ನು ನೋಡಿದ. ಡಬ್ಬ ಮುಚ್ಚಿ ಸ್ಕ್ರೂ ಬಿಗಿದ. ನಾನು ಒಳಗೆ ಹೋಗಿ ಅವನಿಗೆ ಕಾಫಿ ಮಾಡಿದೆ, ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದೆ.