ಆವತಿಯ ಜಗಲಿಯಲ್ಲಿ ಸಿಕ್ಕ ಅಮ್ಮ

ಯುದ್ಧ ಇನ್ನೂ ಮುಗಿದಿರಲಿಲ್ಲ, 1944ನೇ ಇಸವಿ ಇರಬೇಕು. ದೊಡ್ಡಬಳ್ಳಾಪುರದಲ್ಲಿ ಅಕ್ಕಿಗೂ ರೇಷನ್, ಸೀಮೆಎಣ್ಣೆಗೂ ರೇಷನ್. ಅಂಗಡಿ ಮುಂದೆ ಸಾಲಿನಲ್ಲಿ ನಿಂತು ನಿಂತು ಹೆಂಗಸರಿಗೆಲ್ಲ ಒಬ್ಬರ ಸಂಸಾರ ಇನ್ನೊಬ್ಬರಿಗೆ ಬಾಯಿಪಾಠವಾಗಿತ್ತು. ನನಗಾಗ ಹದಿನೆಂಟು ವರ್ಷ. ಲೋವರ್ ಸೆಕೆಂಡರಿ ಮುಗಿಸಿದ್ದೆ. ಗಂಡು ಗೊತ್ತಾಗುವವರೆಗೆ ಮನೆಯಲ್ಲಿ ಕೂತು ಜಗಳ ಕಾಯುವುದು ಬೇಡವೆಂದು ಅಪ್ಪ ನನ್ನನ್ನು ನಮ್ಮ ಬೀದಿಯ ಮೇಷ್ಟ್ರ ಹತ್ತಿರ ಕರಡು ತಿದ್ದುವ ಕೆಲಸಕ್ಕೆ ಬಿಟ್ಟಿದ್ದರು.

ಮೇಷ್ಟ್ರು ಶಾಲೆಯಿಂದ ನಿವೃತ್ತರಾದವರು. ಮನೆಯ ಮುಂದಿನ ಕೋಣೆಯಲ್ಲಿ ಹಳೆಯದೊಂದು ಅಚ್ಚಿನ ಯಂತ್ರ ಇಟ್ಟುಕೊಂಡು ಬರೀ ಆಹಾರದ ಬಗ್ಗೆ ಒಂದು ಮಾಸಪತ್ರಿಕೆ ನಡೆಸುತ್ತಿದ್ದರು. ಯಾವ ಸೊಪ್ಪಿನಲ್ಲಿ ಸತ್ವ ಇದೆ, ಅಕ್ಕಿ ಸಿಗದಿದ್ದರೆ ಏನು ತಿನ್ನಬಹುದು, ಕೂಸಿಗೆ ರಾಗಿ ಸರಿ ಯಾವಾಗ ಶುರು ಮಾಡಬೇಕು, ಇಂಥವು. ಟಾನಿಕ್ ಮಾರುವವರ ಜಾಹೀರಾತನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅವರದೊಂದು ಹಟ. ಯಾರೇ ಏನೇ ಬರೆದು ಕಳಿಸಲಿ, ಇದನ್ನು ಯಾರು ಮಾಡಿದರು, ಯಾರು ತಿಂದರು, ತಿಂದವರು ಹೇಗಿದ್ದಾರೆ ಎಂದು ತಿಳಿಯದೆ ಅಚ್ಚಿಗೆ ಹೋಗಬಾರದು. ಅಷ್ಟು ಸಾಲದು ಅಂತ, ಬರೆದದ್ದನ್ನು ಆ ಅಡುಗೆಯ ಊರಿಗೇ ಹೊತ್ತುಕೊಂಡು ಹೋಗಿ, ಅದನ್ನು ಉಂಡವರ ಮುಂದೆ ಗಟ್ಟಿಯಾಗಿ ಓದಬೇಕು. ಅವರು ಹೂಂ ಎಂದರೆ ಮಾತ್ರ ಅಚ್ಚಿನ ಮೊಳೆ ಜೋಡಿಸುವುದು. ಹೀಗಾಗಿ ಪತ್ರಿಕೆ ಹೇಳಿದ ದಿನಕ್ಕೆ ಬಂದದ್ದೇ ಇಲ್ಲ. ಮೇಷ್ಟ್ರ ಯುಗಾದಿ ಸಂಚಿಕೆ ಗೌರಿ ಹಬ್ಬಕ್ಕಾದರೂ ಬರುತ್ತದಾ ಎಂದು ಬೀದಿಯವರು ನನ್ನನ್ನು ರೇಗಿಸುತ್ತಿದ್ದರು.

ಆ ಕೋಣೆಯಲ್ಲಿ ಕೂತು ಕೂತೇ ನನಗೊಂದು ಆಸೆ ಹುಟ್ಟಿತು. ನಾನು ನಡೆಯಲು ಕಲಿಯುವ ಹೊತ್ತಿಗೆ ನನ್ನ ಅಮ್ಮ ತೀರಿಕೊಂಡಿದ್ದಳು. ಆಗ ನಾವು ದೇವನಹಳ್ಳಿಯ ಆಚೆ ಆವತಿಯಲ್ಲಿದ್ದೆವು. ಅವಳು ಹೋದ ಮೇಲೆ ಅಪ್ಪ ಹೊಲವನ್ನು ತಮ್ಮನಿಗೆ ಬಿಟ್ಟು, ಅಜ್ಜಿಯನ್ನೂ ನನ್ನನ್ನೂ ಕರೆದುಕೊಂಡು ದೊಡ್ಡಬಳ್ಳಾಪುರಕ್ಕೆ ಬಂದು ಸೀರೆ ಸಾಹುಕಾರರೊಬ್ಬರ ಅಂಗಡಿಗೆ ಸೇರಿದರು. ನನ್ನನ್ನು ಸಾಕಿದವಳು ಅಪ್ಪನ ತಾಯಿ, ನಮ್ಮಜ್ಜಿ. ಅಮ್ಮನದು ಒಂದು ಫೋಟೋ ಇಲ್ಲ. ಮುಖ ನೆನಪಿಲ್ಲ, ದನಿ ನೆನಪಿಲ್ಲ. ಅವಳ ಮಾತೆತ್ತಿದರೆ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು. ಅಪ್ಪ ಮಾತ್ರ ಒಂದೇ ಒಂದು ಕಥೆ ಹೇಳುತ್ತಿದ್ದರು. ಕಣಜದಲ್ಲಿ ರಾಗಿ ಸಾಲದೆ ಹೋದ ಒಂದು ವರ್ಷ ಅಮ್ಮ ಹುಣಸೆ ಬೀಜ ಹುರಿದು, ಕುಟ್ಟಿ, ಆ ಹಿಟ್ಟನ್ನು ರಾಗಿ ಹಿಟ್ಟಿಗೆ ಬೆರೆಸಿ ಮುದ್ದೆ ತೊಳಸಿ ಇಡೀ ಮನೆಯನ್ನು ಸಾಕಿದಳಂತೆ. ಅವಳ ಕೈಗುಣ ಯಾರಿಗೂ ಬರುವುದಿಲ್ಲವಂತೆ. ಹಸಿವಾದಾಗಲೆಲ್ಲ ನಾನು ಆ ಮುದ್ದೆಯನ್ನು ನೆನೆಸಿಕೊಳ್ಳುತ್ತಿದ್ದೆ.

ಅದನ್ನೇ ಬರೆದೆ. ಕೊನೆಗೆ ‘ಇದು ಆವತಿಯ ದಿವಂಗತ ಲಕ್ಷ್ಮಮ್ಮನವರು ಮಾಡುತ್ತಿದ್ದ ರೀತಿ’ ಎಂದು ಸೇರಿಸಿದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಆ ಒಂದು ಸಾಲು. ಅಮ್ಮನ ಹೆಸರು ಅಚ್ಚಿನಲ್ಲಿ ಬಂದರೆ ಕೈಯಿಟ್ಟು ಮುಟ್ಟಿ ನೋಡಬಹುದಲ್ಲ, ಅವಳದು ಅಂತ ನನ್ನ ಹತ್ತಿರ ಇನ್ನೇನಿತ್ತು?

ಮೇಷ್ಟ್ರು ಓದಿದರು. ಈ ಕಾಲಕ್ಕೆ ಬೇಕಾದ ವಿಷಯವೇ ಎಂದರು. ಆಮೇಲೆ ಕನ್ನಡಕ ತೆಗೆದು, ಆವತಿಗೆ ಯಾವತ್ತು ಹೋಗೋಣ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ತಿಂದವರು ನಮ್ಮಪ್ಪನೇ ಇದ್ದಾರಲ್ಲ ಮೇಷ್ಟ್ರೇ ಎಂದೆ.

“ನಿಮ್ಮಪ್ಪ ಅವಳ ಗಂಡ ಕಣಮ್ಮ. ಸತ್ತ ಹೆಂಡತಿ ಅಡುಗೆ ಚೆನ್ನಾಗಿರ್ಲಿಲ್ಲ ಅಂತ ಯಾವ ಗಂಡ ಹೇಳ್ತಾನೆ?” ಎಂದರು.

ನೀನೂ ಬಾ ಎಂದು ಅಪ್ಪನನ್ನು ಕರೆದೆ. ಅಂಗಡಿಯಲ್ಲಿ ಲೆಕ್ಕ ನೋಡುವುದಿದೆ ಎಂದರು. ಮದುವೆ ಸೀಸನ್ ಮುಗಿದು ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದ ಕಾಲ ಅದು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಪೆಟ್ರೋಲ್ ಸಿಗದೆ ಆಗ ಬಸ್ಸುಗಳು ಇದ್ದಿಲು ಉರಿಸಿ ಬಂದ ಹೊಗೆಯ ಬಲದಲ್ಲಿ ಓಡುತ್ತಿದ್ದವು. ಸ್ವಲ್ಪ ಏರು ಬಂದರೆ ಸಾಕು, ಎಲ್ಲರೂ ಇಳಿದು ಬಸ್ಸಿನ ಜೊತೆಗೆ ನಡೆಯಬೇಕು. ಹಾಗೂ ಹೀಗೂ ದೇವನಹಳ್ಳಿ ಮುಟ್ಟಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಆವತಿಗೆ ಹೋದೆವು. ನಮ್ಮ ಹಳೆಯ ಮನೆಯ ಪಕ್ಕದ ಮನೆಯಲ್ಲಿ ಮುನಿಯಕ್ಕ ಎಂಬ ದೊಡ್ಡ ಹೆಂಗಸು ಇದ್ದರು. ನಾನು ಇಂಥವರ ಮಗಳು ಎಂದದ್ದೇ ತಡ, ನನ್ನ ಗಲ್ಲ ಹಿಡಿದು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಮೇಷ್ಟ್ರಿಗೆ ಚಾಪೆ ಹಾಸಿದರು. ಅಕ್ಕಪಕ್ಕದ ನಾಕಾರು ಹೆಂಗಸರು ಬಂದು ಸುತ್ತ ಕೂತರು. ನಾನು ಗಂಟಲು ಸರಿಮಾಡಿಕೊಂಡು ಓದಲು ಶುರು ಮಾಡಿದೆ.

ಲಕ್ಷ್ಮಮ್ಮ ಮನೆಮಂದಿಯನ್ನೆಲ್ಲ ಸಾಕಿದಳು ಎಂಬಲ್ಲಿಗೆ ಬಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಸೆರಗು ಬಾಯಿಗೆ ಇಟ್ಟುಕೊಂಡರು. ಅಳುತ್ತಿದ್ದಾರೇನೋ ಅಂದುಕೊಂಡೆ. ನೋಡಿದರೆ ನಗು!

“ಯಾರು, ನಮ್ ಲಚ್ಚುಮೀನಾ?” ಎಂದರು ಮುನಿಯಕ್ಕ. “ಬೇಜಾರ್ ಮಾಡ್ಕೋಬ್ಯಾಡ ಕಣವ್ವ. ನಿಮ್ಮವ್ವಂಗೆ ಅಡಿಗೇನೇ ಬರ್ತಿರ್ಲಿಲ್ಲ. ಆ ಬೀಜದ ಸಿಪ್ಪೆ ತೆಗೀದೆ ಹಂಗೇ ಕುಟ್ಟಿ ಮುದ್ದೆ ಮಾಡ್ಬುಟ್ಳು. ಮನೆಮಂದಿಗೆಲ್ಲಾ ಹೊಟ್ಟೆ ಹಿಡ್ಕಂತು.”

ಹುಣಸೆ ಬೀಜವನ್ನು ಹುರಿದ ಮೇಲೆ ಆ ಕೆಂಪು ಸಿಪ್ಪೆಯನ್ನು ಪೂರ್ತಿ ಬಿಡಿಸಿ, ಮೊರದಲ್ಲಿ ಕೇರಿ, ನೆನೆಹಾಕಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟಬೇಕಂತೆ. ಆಮೇಲೆ ಆ ವರ್ಷವೆಲ್ಲ ಅಜ್ಜಿಯ ಕಣ್ಣು ತಪ್ಪಿಸಿ ನಮ್ಮ ಮನೆಯ ಪಾಲನ್ನೂ ಮುನಿಯಕ್ಕನೇ ಕುಟ್ಟಿ ಕೊಟ್ಟರಂತೆ. ನಾನು ಬರೆದದ್ದರಲ್ಲಿ ಸಿಪ್ಪೆಯ ಮಾತೇ ಇರಲಿಲ್ಲ. ಅಪ್ಪನ ಕಥೆಯಲ್ಲಿ ಇದ್ದರೆ ತಾನೇ? ಮೇಷ್ಟ್ರು ನನ್ನ ಕಡೆ ನೋಡದೆ ಒಂದೊಂದನ್ನೂ ಕೇಳಿ ಕೇಳಿ ಬರೆದುಕೊಂಡರು.

ಇಷ್ಟು ವರ್ಷ ನನಗಿದ್ದ ಅಮ್ಮ ಎಂದರೆ ಅದೊಂದು ಮುದ್ದೆ. ಅದೂ ಹೋಯಿತು. ಹಾಗಾದರೆ ನಮ್ಮಮ್ಮ ಏನು ಮಾಡುತ್ತಿದ್ದಳು ಎಂದು ಸಿಟ್ಟಿನಲ್ಲೇ ಕೇಳಿದೆ.

“ನಗಿಸ್ತಿದ್ಲು” ಎಂದರು ಮುನಿಯಕ್ಕ.

ಇವರೆಲ್ಲ ಕುಟ್ಟುವಾಗ ಅವಳು ಒನಕೆ ಮುಟ್ಟುತ್ತಿರಲಿಲ್ಲವಂತೆ. ಎದುರಿಗೆ ನಿಂತು ಊರಿನವರನ್ನೆಲ್ಲ ಅಣಕಿಸಿ ತೋರಿಸುತ್ತಿದ್ದಳಂತೆ. ಶಾನುಭೋಗರು ಪಂಚೆ ಎತ್ತಿಕೊಂಡು ಕೆಸರು ದಾಟುವುದು, ಪೂಜಾರಿ ನಿದ್ದೆಗಣ್ಣಲ್ಲಿ ಗಂಟೆ ಬಾರಿಸುವುದು. ಹಸಿದ ಹೊಟ್ಟೆಯಲ್ಲಿ ನಕ್ಕು ನಕ್ಕು ಒನಕೆ ಕೈತಪ್ಪುತ್ತಿತ್ತಂತೆ. ಅವಳು ಇದ್ದದ್ದಕ್ಕೇ ಆ ವರ್ಷ ಕಳೆಯಿತು ಎಂದು ಇನ್ನೊಬ್ಬಾಕೆ ಹೇಳಿದಳು. ಆದರೆ ಅವಳ ಅಣಕದಲ್ಲಿ ಎಲ್ಲಕ್ಕಿಂತ ಮೇಲಿನದ್ದು ಎಂದರೆ ಅತ್ತೆಯದು ಎಂದು ಮುನಿಯಕ್ಕ ಮೊಣಕಾಲಿಗೆ ಕೈಯೂರಿ ಎದ್ದರು. ಲಚ್ಚುಮಿ ಹಿಂಗೆ ಮಾಡ್ತಿದ್ಲು ನೋಡು ಅಂತ ಆ ದಪ್ಪ ಮೈಯಲ್ಲೇ ಅಂಗಳಕ್ಕಿಳಿದರು.

ಎಡಗೈ ಸೊಂಟದ ಮೇಲೆ. ಬಲಗಾಲು ಒಂದಿಷ್ಟು ಎಳೆದು ಹೆಜ್ಜೆ. ಇಲ್ಲದ ಮಡಕೆಯ ಮುಚ್ಚಳ ತೆಗೆದು, ಮೂಗರಳಿಸಿ, “ಹ್ಞೂಂ” ಎಂದು ಎಳೆದು, ಸೆರಗಿನ ತುದಿಯಲ್ಲಿ ಬಾಯಿಯ ಎರಡೂ ಮೂಲೆ ಒರೆಸಿಕೊಳ್ಳುವುದು.

ಅದು ನಮ್ಮಜ್ಜಿ. ಸಾಕ್ಷಾತ್ ನಮ್ಮಜ್ಜಿ. ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅವಳ ಪಕ್ಕದಲ್ಲೇ ಮಲಗಿ ಬೆಳೆದವಳು ನಾನು, ಆ ಹೆಜ್ಜೆ ನನಗೆ ಗೊತ್ತಿಲ್ಲವೇ? ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತಲೇ ಅಳು ನುಗ್ಗಿ ಬಂತು. ನನ್ನ ಅಮ್ಮ ಇದೇ ಅಂಗಳದಲ್ಲಿ ನಿಂತು ಅಜ್ಜಿಯ ಈ ಹೆಜ್ಜೆಯನ್ನೇ ಕಣ್ಣಿಟ್ಟು ನೋಡಿದ್ದಳು. ಅವಳು ನೋಡಿದ್ದನ್ನೇ ನಾನೂ ನೋಡಿದ್ದೆ. ಅಮ್ಮ ಎಂಬುವಳು ಒಬ್ಬಳು ನಿಜವಾಗಿ ಇದ್ದಳು ಎಂದು ನನಗೆ ಗೊತ್ತಾದದ್ದು ಆಗ. ಮುನಿಯಕ್ಕ ಗಾಬರಿಯಾಗಿ ಬಂದು ನನ್ನನ್ನು ಎದೆಗೆ ಒತ್ತಿಕೊಂಡರು. ಮೇಷ್ಟ್ರು ಎದ್ದು ಹೋಗಿ ಗಾಡಿಯ ಎತ್ತುಗಳನ್ನು ನೋಡುತ್ತ ನಿಂತರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೊನೆಯದಾಗಿ ಕೇಳಿಕೊಂಡೆ. ರೀತಿಯನ್ನು ತಿದ್ದೋಣ, ಹೆಸರು ಮಾತ್ರ ಅಮ್ಮನದೇ ಇರಲಿ, ಅದರಿಂದ ಯಾರಿಗೆ ಏನು ನಷ್ಟ ಎಂದೆ.

“ಹಾಕಲ್ಲ ಕಣಮ್ಮ” ಎಂದರು ಮೇಷ್ಟ್ರು. “ಆ ಹೆಸರು ನಂಬಿ ಯಾರೋ ಒಬ್ಬಳು ಒಲೆ ಹಚ್ತಾಳೆ. ಅವಳಿಗೆ ಸುಳ್ಳು ಹೇಳೋದು ಬೇಡ.”

ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಊರು ತಲಪುವವರೆಗೆ ಕಿಟಕಿಯಾಚೆ ತಿರುಗಿಕೊಂಡೇ ಕೂತಿದ್ದೆ. ಮುಂದಿನ ಸಂಚಿಕೆಯಲ್ಲಿ ಹುಣಸೆ ಬೀಜದ ಹಿಟ್ಟಿನ ವಿಷಯ ಮುನಿಯಕ್ಕನ ಹೆಸರಿನಲ್ಲಿ ಬಂತು. ಅದರ ಕರಡನ್ನು ತಿದ್ದಿದವಳೂ ನಾನೇ.

ಆವತಿಯಿಂದ ಬಂದ ಸಂಜೆಯೇ ಅಪ್ಪನನ್ನು ಕೇಳದೆ ಬಿಡಲಿಲ್ಲ, ಯಾಕಪ್ಪ ಹಾಗೆ ಹೇಳಿದೆ ಎಂದು.

“ನೀನು ಕೇಳ್ತಿದ್ದೆ, ಏನಾದ್ರೂ ಹೇಳ್ಬೇಕಾಗಿತ್ತಲ್ಲ” ಎಂದರು. “ಎಲ್ರೂ ಅವರವರ ಅವ್ವನ ಕೈ ಅಡಿಗೆ ಬಗ್ಗೆ ಹೇಳ್ಕೋತಾರೆ. ನಿಂಗೂ ಒಂದು ಇರ್ಲಿ ಅಂತ.”

ಆಮೇಲೆ ಅಪ್ಪನೇ, ಅಮ್ಮ ಶಾನುಭೋಗರ ಹಾಗೆ ಕೆಸರು ದಾಟಿ ತೋರಿಸುತ್ತಿದ್ದುದನ್ನು ಹೇಳಲು ಹೋಗಿ, ನಗು ಬಂದು, ಮುಂದೆ ಹೇಳಲಾರದೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಅಮ್ಮ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಈಗ ನನ್ನ ಮೊಮ್ಮಗಳು ಅವಳಿಗಿಂತ ದೊಡ್ಡವಳು. ಮುನಿಯಕ್ಕ ಇಲ್ಲ, ಅಪ್ಪ ಇಲ್ಲ, ಮೇಷ್ಟ್ರೂ ಇಲ್ಲ. ಅಮ್ಮನ ಕೈ ಊಟಕ್ಕಾಗಿ ಹಂಬಲಿಸುವುದನ್ನು ನಾನು ಅವತ್ತೇ ಬಿಟ್ಟೆ. ಈಗ ಇರುವುದು ಬೇರೆ ಹಂಬಲ. ಯಾರೂ ಇಲ್ಲದಾಗ ಅಡುಗೆಮನೆಯಿಂದ ಹಜಾರಕ್ಕೆ ನಡೆಯುತ್ತ ತಟ್ಟನೆ ನಿಲ್ಲುತ್ತೇನೆ. ಅವಳು ಇದ್ದಿದ್ದರೆ ನನ್ನನ್ನು ಹೇಗೆ ಅಣಕಿಸುತ್ತಿದ್ದಳೋ ಎಂದು ಯೋಚಿಸುತ್ತೇನೆ.