ಬಾರದೇ ಉಳಿದ ಎರಡು ಅಧ್ಯಾಯ

ನಮ್ಮ ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಮೊದಲು ಗೊತ್ತಾಗುವುದು ಕಿವಿಗೆ. ಬೆಳಗಿನಿಂದ ಓಣಿ ತುಂಬ ಬಡಿದುಕೊಳ್ಳುತ್ತಿದ್ದ ಪವರ್‌ಲೂಮ್‌ಗಳೆಲ್ಲ ಒಂದೇ ಸಲ ಬಾಯಿ ಮುಚ್ಚುತ್ತವೆ. ಪಕ್ಕದ ಮನೆಯ ಒಗ್ಗರಣೆ ಚಟಪಟ ಅನ್ನುವುದೂ ಕೇಳಿಸುತ್ತದೆ. ಆ ಹೊತ್ತಿಗೆ ಗಂಡಸರೆಲ್ಲ ಬೈಯುತ್ತ ಹೊರಗೆ ಬರುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಕಂಡಿಕೆಗೆ ನೂಲು ಸುತ್ತುವ ಮಷಿನ್ ಬಿಟ್ಟು ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ನೇರ ನನ್ನ ಮುಂದೆ ಬಂದು ಕೂತುಬಿಡುತ್ತಿದ್ದಳು.

“ಹೂಂ, ಹೇಳ ಅಕ್ಕೋರ. ಸೊಸಿ ದೋಣಿ ಹತ್ತಿದ್ಲೋ ಇಲ್ಲೋ?”

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯ ಟೀಚರು. ನಾನು ಟೀಚರಲ್ಲ, ಯಾರಿಗೂ ಏನನ್ನೂ ಕಲಿಸಿದವಳಲ್ಲ. ನನಗೇ ಯಾರೂ ಕೂರಿಸಿಕೊಂಡು ಇಂಗ್ಲಿಷ್ ಕಲಿಸಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದೆ. ಆಮೇಲೆ ಜಮಖಂಡಿಗೆ ಬಸ್ಸಿನಲ್ಲಿ ಡಿಗ್ರಿಗೆ ಹೋಗಿಬರುವ ದಿನಗಳಲ್ಲಿ ಮೊಬೈಲಿನಲ್ಲಿ ಜಪಾನಿ ಕಾದಂಬರಿಗಳ ಇಂಗ್ಲಿಷ್ ಅನುವಾದ ಓದುವ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ಸಿಗುವ ಪುಸ್ತಕಗಳಲ್ಲ. ಜಪಾನಿ ಬಲ್ಲ ಅಭಿಮಾನಿಗಳು ತಾವಾಗಿ ಅನುವಾದಿಸಿ, ವಾರಕ್ಕೊಂದು ಅಧ್ಯಾಯದಂತೆ ಇಂಟರ್‌ನೆಟ್ಟಿಗೆ ಹಾಕುವಂಥವು. ಮೊದಲು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೆ ನಾನೇ ದಡ್ಡಿ ಅಂದುಕೊಳ್ಳುತ್ತಿದ್ದೆ. ಓದುತ್ತ ಓದುತ್ತ ಗೊತ್ತಾಯಿತು, ಕೆಲವು ಕಡೆ ದಡ್ಡತನ ನನ್ನದಲ್ಲ, ವಾಕ್ಯದ್ದು! ನಿನ್ನೆಯ ಮಾತು ಹೇಳುತ್ತಿದ್ದ ವಾಕ್ಯ ನಡುದಾರಿಯಲ್ಲಿ ಇವತ್ತಿಗೆ ಜಿಗಿದಿರುತ್ತದೆ. ‘ದೆನ್’ ಇರಬೇಕಾದಲ್ಲಿ ‘ದ್ಯಾನ್’ ಕೂತಿರುತ್ತದೆ. ಮೇಲಿನ ಸಾಲಿನಲ್ಲಿ ಅವನು ಅಂತ ಇದ್ದವನು ಕೆಳಗಿನ ಸಾಲಿನಲ್ಲಿ ಅವಳಾಗಿರುತ್ತಾನೆ. ನಾನು ವ್ಯಾಕರಣದ ವಿಡಿಯೋ ನೋಡಿ ಖಾತ್ರಿ ಮಾಡಿಕೊಂಡು ಕಮೆಂಟ್ ಹಾಕುತ್ತಿದ್ದೆ. ಹಾಕಿ ಹಾಕಿ ಅವರಿಗೆ ಸಾಕಾಗಿರಬೇಕು. ಹೊರಗೆ ನಿಂತು ತಪ್ಪು ಹುಡುಕುವ ಬದಲು ಒಳಗೆ ಬಂದು ತಿದ್ದಬಾರದೇ ಅಂತ ಒಂದು ದಿನ ಆ ಗುಂಪಿನವರೇ ಬರೆದರು. ಬೇಕೆಂದೇ ತಪ್ಪು ತುಂಬಿದ ಒಂದು ಪುಟ ಕಳಿಸಿ ಪರೀಕ್ಷೆ ಮಾಡಿದರು. ನಾನು ಅವರು ಇಟ್ಟಿದ್ದ ತಪ್ಪನ್ನೂ ತಿದ್ದಿದೆ, ಇಟ್ಟಿರದ ಒಂದೆರಡನ್ನೂ ತಿದ್ದಿದೆ. ಎಡಿಟರ್ ಆದೆ.

ನನಗೆ ಕೊಟ್ಟ ಕಾದಂಬರಿ ಸಮುದ್ರದ ದಂಡೆಯ ಒಂದು ಊರಿನದು. ಅಲ್ಲಿ ಎಲ್ಲರೂ ಉಪ್ಪು ಕಾಯಿಸುವವರು. ಅಂಥ ಮನೆಗೆ ಸೊಸೆಯಾಗಿ ಬಂದವಳ ತಮ್ಮನನ್ನು ಡ್ರ್ಯಾಗನ್ ಒಂದು ತನ್ನ ಕಚೇರಿಯ ಬರವಣಿಗೆಗೆ ಒಯ್ದಿರುತ್ತದೆ. ಹೌದು, ಡ್ರ್ಯಾಗನ್ನಿಗೆ ಕಚೇರಿ! ತಮ್ಮನಿಗೆ ನಿಧಾನವಾಗಿ ಊರು, ಮನೆ, ಅಕ್ಕ ಎಲ್ಲ ಮರೆತುಹೋಗುತ್ತಿರುತ್ತದೆ. ಪೂರ್ತಿ ಮರೆಯುವುದರೊಳಗೆ ಅವನನ್ನು ಕರೆತರಬೇಕು ಅಂತ ಅಕ್ಕ ಮನೆ ಬಿಟ್ಟು ಹೊರಡುತ್ತಾಳೆ. ಇಷ್ಟೇ ಕಥೆ.

ಜಪಾನಿಯಿಂದ ಇಂಗ್ಲಿಷಿಗೆ ತರುತ್ತಿದ್ದವಳು ಬೇರೆ ದೇಶದ ಯಾವುದೋ ಊರಿನ ಹೆಂಗಸು. ಮುಖ ನೋಡಿಲ್ಲ, ದನಿ ಕೇಳಿಲ್ಲ, ಬರೀ ಟೈಪ್ ಮಾಡಿದ ಮಾತು. ಅವಳಿಗೂ ಇಂಗ್ಲಿಷ್ ಮನೆಮಾತಲ್ಲ. ಒಮ್ಮೆ ಅವಳ ವಾಕ್ಯ ಹೇಗಿತ್ತೆಂದರೆ, ಬಾಗಿಲು ದೂಡಿ, ಒಳಗೆ ಬಂದು, ಚಪ್ಪಲಿ ಬಿಟ್ಟು, ದೀಪ ಉರಿಯುತ್ತಿತ್ತು. ಬಂದವಳು ಸೊಸೆ, ಆದರೆ ವಾಕ್ಯದಲ್ಲಿ ಚಪ್ಪಲಿ ಬಿಟ್ಟದ್ದು ದೀಪ. ಇದನ್ನು ವೈನಿಗೆ ಹೇಳಿದಾಗ ಅವಳಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು.

ವೈನಿಗೆ ಕಥೆ ಹೇಳಬೇಕು ಅಂತ ನಾನೇನೂ ಯೋಚನೆ ಮಾಡಿರಲಿಲ್ಲ. ಒಂದು ದಿನ ಕರೆಂಟ್ ಹೋದಾಗ, “ದಿನಾ ಅದರಾಗ ಏನ ಕುಟ್ಟತಿ ನೀ?” ಅಂದಳು. ಹೇಳಿದೆ. ಮತ್ತೆ ಕರೆಂಟ್ ಹೋದಾಗ ಮುಂದಿನದು ಕೇಳಿದಳು. ಹಾಗೇ ರೂಢಿಯಾಯಿತು. ಹಾಗೆ ಹೇಳುವಾಗ ನನಗೆ ಒಂದು ತಮಾಷೆ ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಎಲ್ಲಿ ‘ಎ’ ಬೇಕು, ಎಲ್ಲಿ ‘ದಿ’ ಬೇಕು ಅಂತ ನಾನು ಬೆಳಗ್ಗೆಯೆಲ್ಲ ತಲೆ ಕೆಡಿಸಿಕೊಂಡ ಜಾಗಗಳು ಕನ್ನಡದಲ್ಲಿ ಹೇಳುವಾಗ ಇರುತ್ತಲೇ ಇರಲಿಲ್ಲ. ಅಷ್ಟು ಕಷ್ಟಪಟ್ಟು ಹೊಲಿದ ಗುಂಡಿಗಳು, ಇಲ್ಲಿ ಅಂಗಿಯೇ ಬೇರೆ.

ಗುಂಪಿನದೊಂದು ನಿಯಮವಿತ್ತು: ಅಧ್ಯಾಯ ಎಲ್ಲರಿಗೂ ಬಿಡುಗಡೆಯಾಗುವ ಮುಂಚೆ ಎಡಿಟರ್ ಹೊರಗೆ ಹೇಳಕೂಡದು. ನಾನು ಹೇಳುತ್ತಿದ್ದೆ. ಬನಹಟ್ಟಿಯ ಒಂದು ಪಡಸಾಲೆಯಲ್ಲಿ ಉಪ್ಪಿನೂರಿನ ಗುಟ್ಟು ಹೊರಬೀಳುತ್ತಿದೆ ಅಂತ ಯಾರಿಗೆ ತಿಳಿಯಬೇಕು?

ಅಣ್ಣನಿಗೆ ಮಾತ್ರ ಸಿಟ್ಟು. ನೇಯ್ಗೆ ನಿಂತು ಅವನು ಒದ್ದಾಡುತ್ತಿದ್ದರೆ ನಾವು ಒಳಗೆ ಕಿಸಿಕಿಸಿ.

“ಕರೆಂಟ್ ಹೋಗ್ಲಿ ಅಂತ ದೇವರಿಗಿ ಕೈ ಮುಗಿಯೋರು ಈ ಊರಾಗ ನೀವಿಬ್ರ ನೋಡ್ರಿ,” ಅಂದ ಒಮ್ಮೆ.

“ನಾವೇನ ತಂತಿ ಕಡದೇವೇನ?” ಅಂದಳು ವೈನಿ. “ನೀನೂ ಕುಂಡ್ರ ಬಾ. ಡ್ರ್ಯಾಗನ್ ನಿನ್ನಂಗ ಐತಿ. ದುಡಿಸೂದಷ್ಟ ಗೊತ್ತ ಅದಕ್ಕ.”

ಅಣ್ಣ ಕೂರಲಿಲ್ಲ. ಬಾಗಿಲ ಹತ್ತಿರ ನಿಂತು ಮೊಬೈಲ್ ನೋಡಿದಂತೆ ಮಾಡುತ್ತ ಪೂರ್ತಿ ಕೇಳಿಸಿಕೊಂಡ.

ಅಷ್ಟರಲ್ಲಿ ವೈನಿ ಬಸುರಿಯಾಗಿದ್ದಳು. ಮೊದಲ ಹೆರಿಗೆ ತವರಿನಲ್ಲಿ. ಅವಳ ತವರು ಸಮೀರವಾಡಿ. ಅಪ್ಪನಿಗೆ ಅಲ್ಲಿನ ಸಕ್ಕರೆ ಫ್ಯಾಕ್ಟರಿಯಲ್ಲಿ ನೌಕರಿ. ಇಲ್ಲಿ ಕುಬಸ, ಅಂದರೆ ಸೀಮಂತ ಮಾಡಿ, ಉಡಿ ತುಂಬಿ ಕಳಿಸಿಬಿಟ್ಟರೆ ಆಯಿತು, ಕೂಸಿನ ಜೊತೆ ತಿರುಗಿ ಬರಲು ತಿಂಗಳುಗಟ್ಟಲೆ. ಕುಬಸದ ದಿನ ಗೊತ್ತಾದ ಮಧ್ಯಾಹ್ನ ಅವಳು ನನ್ನನ್ನು ಹಿಡಿದುಕೊಂಡಳು.

“ಇನ್ನ ಎಷ್ಟ ಅಧ್ಯಾಯ ಅದಾವ?”

“ನಾಕೋ ಐದೋ.”

“ನಾ ಹೋಗೂದ್ರೊಳಗ ಮುಗಸ.”

“ನನ್ನ ಕೈಯಾಗೇನೈತಿ ವೈನಿ? ಆಕಿ ಬರೀಬೇಕ, ನಾ ತಿದ್ದಬೇಕ. ಫೋನ್ ಮಾಡಿ ಹೇಳತೇನಿ ತಗೋ.”

“ಫೋನ್ ಬ್ಯಾಡ,” ಅಂದಳು. ಆಮೇಲೆ ದನಿ ಸಣ್ಣದು ಮಾಡಿ, “ಕೂಸ ಹುಟ್ಟಿದ ಮ್ಯಾಲ ನಾ ಬ್ಯಾರೆ ಹೆಂಗಸ ಆಗಿರ್ತೇನಿ ಬೇ. ಹಿಂಗ ಸುಮ್ನ ಕುಂತ ಕಥಿ ಕೇಳೋ ಹೆಂಗಸ ತಿರುಗಿ ಬರತಾಳಂತ ನನಗೇನ ಖಾತ್ರಿ ಇಲ್ಲ. ಆ ಹುಡುಗ ಮನಿಗಿ ಬಂದ್ನೋ ಇಲ್ಲೋ, ಅಷ್ಟ ಕೇಳಿ ಹೋಗತೇನಿ.”

ನನಗೆ ಅವತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಅನುವಾದಕಿಗೆ ಎಲ್ಲ ಬರೆದೆ: ವೈನಿ, ಕುಬಸ, ಕರೆಂಟ್, ನಿಯಮ ಮುರಿದದ್ದು ಕೂಡ. ಬೈಯುತ್ತಾಳೆ ಅಂದುಕೊಂಡಿದ್ದೆ. ಬಹಳ ಹೊತ್ತು ಉತ್ತರ ಬರಲಿಲ್ಲ; ಮಾಳಿಗೆ ಹತ್ತುವುದು, ನೆಟ್‌ವರ್ಕ್ ನೋಡುವುದು, ಇಳಿಯುವುದು, ಇದೇ ಆಯಿತು. “ಮ್ಯಾಲ ಏನ ಹಪ್ಪಳ ಹಾಕಿಯೇನ, ಕಾಗಿ ಬರತಾವೇನ?” ಅಂತ ಅವ್ವ ಕೇಳಿದಳು. ಕಡೆಗೆ ಉತ್ತರ ಬಂತು: “ನಿನ್ನ ವೈನಿಗೆ ಹೇಳು, ಓಡುತ್ತಿದ್ದೇನೆ.”

ನಿಜವಾಗಿಯೂ ಓಡಿದಳು. ವಾರಕ್ಕೊಂದು ಬರುತ್ತಿದ್ದದ್ದು ಎರಡು ಬರತೊಡಗಿತು. ಅವಸರದ ಬರಹ ಹೇಗಿರುತ್ತದೋ ಹಾಗಿತ್ತು. ಸೊಸೆಯ ಹೆಸರಿನ ಸ್ಪೆಲ್ಲಿಂಗ್ ಒಂದೇ ಪುಟದಲ್ಲಿ ಮೂರು ತರಹ. ಸತ್ತ ಕಾವಲುಗಾರ ಮುಂದಿನ ಪ್ಯಾರಾದಲ್ಲಿ ಚಹಾ ಕುಡಿಯುತ್ತಿದ್ದ. ನಾನು ತಿದ್ದುತ್ತಿದ್ದೆ, ಅನುಮಾನ ಬಂದಲ್ಲಿ ಕೇಳುತ್ತಿದ್ದೆ, ಅವಳು ಮೂಲ ನೋಡಿ ಹೇಳುತ್ತಿದ್ದಳು, ಇತ್ತ ವೈನಿ ಮಷಿನ್ನಿನ ಸದ್ದಿನ ಮೇಲೆಯೇ ಕೂಗುತ್ತಿದ್ದಳು, “ಬಂತೇನ?” ಕರೆಂಟ್ ಹೋಗುವವರೆಗೆ ಕಾಯುವ ತಾಳ್ಮೆ ಈಗ ಇಬ್ಬರಿಗೂ ಇರಲಿಲ್ಲ. ರೊಟ್ಟಿ ಬಡಿಯುವಾಗ ಹೇಳಿದೆ, ಬಟ್ಟೆ ಹಿಂಡುವಾಗ ಹೇಳಿದೆ. ಅಕ್ಕ ಡ್ರ್ಯಾಗನ್ನಿನ ಕಚೇರಿ ತಲುಪಿದಳು. ತಮ್ಮ ಮೇಜಿನ ಹಿಂದಿನಿಂದ ತಲೆ ಎತ್ತಿ, ಯಾರು ಬೇಕಾಗಿತ್ತು ಅಂತ ಕೇಳಿದ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಇನ್ನು ಉಳಿದದ್ದು ಎರಡು.

“ಯಾರ ಬೇಕಾಗಿತ್ತ ಅಂತಾನ!” ವೈನಿ ಹಿಂಡಿದ ಸೀರೆಯನ್ನು ಮತ್ತೆ ಬಕೆಟ್ಟಿಗೆ ಬಿಟ್ಟಳು. “ಹೊಡಿಬೇಕ ಅವನಿಗಿ.”

ಕುಬಸಕ್ಕೆ ನಾಲ್ಕು ದಿನ ಇರುವಾಗ ಗುಂಪಿನಲ್ಲಿ ಸುದ್ದಿ ಬಂತು. ಆ ಕಾದಂಬರಿಯ ಇಂಗ್ಲಿಷ್ ಹಕ್ಕನ್ನು ಒಬ್ಬ ಪ್ರಕಾಶಕರು ಕೊಂಡಿದ್ದರು. ಹಾಗಾದಾಗ ಅಭಿಮಾನಿಗಳ ಅನುವಾದ ನಿಲ್ಲಿಸಿ, ಹಾಕಿದ್ದೆಲ್ಲ ತೆಗೆಯುವುದು ನಮ್ಮ ಗುಂಪಿನ ಮೊದಲ ನಿಯಮ. ನ್ಯಾಯವೇ. ಬರೆದವರಿಗೆ ಅನ್ನ ಸಿಗಲಿ, ಪುಸ್ತಕ ಬರಲಿ. ಎಲ್ಲರೂ ಅಭಿನಂದನೆ ಹಾಕಿದರು, ನಾನೂ ಹಾಕಿದೆ. ಸಂಜೆಯೊಳಗೆ ನಾನು ತಿದ್ದಿದ ಅಧ್ಯಾಯಗಳೆಲ್ಲ ಒಂದೊಂದೇ ಕಾಣೆಯಾದವು. ನನಗೆ ಅದರ ಬಗ್ಗೆ ಅಳು ಬರಬೇಕಿತ್ತು. ಬರಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ವೈನಿಗೆ ಏನು ಹೇಳಲಿ?

ಮೊಬೈಲಿನ ಅನುವಾದದಲ್ಲಾದರೂ ಓದೋಣ ಅಂತ, ಲೇಖಕರು ಕಾದಂಬರಿ ಹಾಕುತ್ತಿದ್ದ ಮೂಲ ಜಪಾನಿ ತಾಣಕ್ಕೆ ಹೋಗಿ ನೋಡಿದೆ. ಪುಸ್ತಕ ಬರುತ್ತದೆ ಅಂತ ಕೊನೆಯ ಅಧ್ಯಾಯಗಳನ್ನು ಅಲ್ಲಿಂದಲೂ ತೆಗೆದಿದ್ದರು. ಅನುವಾದಕಿಗೆ ಬರೆದೆ: ಅನುವಾದ ಬೇಡ, ಎರಡು ಸಾಲು ಸಾಕು, ಕೊನೆಗೆ ಏನಾಗುತ್ತದೆ ಅಷ್ಟು ಹೇಳು.

ಅವಳ ಉತ್ತರ: “ನನಗೆ ಗೊತ್ತಿಲ್ಲ. ನಾನು ಮುಂದಿನದನ್ನು ಯಾವತ್ತೂ ಮೊದಲೇ ಓದುವುದಿಲ್ಲ. ಓದಿಬಿಟ್ಟರೆ ಅನುವಾದಿಸುವ ಆಸೆ ಹೋಗುತ್ತದೆ.”

ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ಇಷ್ಟು ದಿನ ಅವಳು ದಾರಿ ಗೊತ್ತಿದ್ದು ಮುಂದೆ ನಡೆಯುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳೂ ವೈನಿಯ ಪಕ್ಕದಲ್ಲೇ ಕೂತು ಕೇಳುತ್ತಿದ್ದವಳು. “ನಾನೂ ಬೆಳಗಿನಿಂದ ಮನೆಯೊಳಗೆ ಸುತ್ತುತ್ತಿದ್ದೇನೆ,” ಅಂತ ಆಮೇಲೆ ಬರೆದಳು.

ಆ ನಾಲ್ಕು ದಿನ ವೈನಿ ಕೇಳಿದಾಗಲೆಲ್ಲ ಬಂದಿಲ್ಲ ಅಂದೆ. ಅದು ಸುಳ್ಳಲ್ಲ. ಒಳಗೊಳಗೆ ಒಂದು ಮುಕ್ತಾಯವನ್ನು ಕಟ್ಟುತ್ತಲೂ ಇದ್ದೆ. ತಮ್ಮ ಅಕ್ಕನ ಕೈ ಮೂಸುತ್ತಾನೆ, ಉಪ್ಪಿನ ವಾಸನೆಗೆ ಎಲ್ಲ ನೆನಪಾಗುತ್ತದೆ, ಇಬ್ಬರೂ ದೋಣಿ ಹತ್ತುತ್ತಾರೆ. ಚೆಂದವಿತ್ತು. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ!

ಕುಬಸದ ದಿನ ಮನೆ ತುಂಬ ಜನ. ಸಮೀರವಾಡಿಯವರು ಬಂದಿದ್ದರು, ಚಿಮ್ಮಡದ ಅತ್ತೆಯಂದಿರು ಬಂದಿದ್ದರು. ವೈನಿ ಹಸಿರು ಸೀರೆ ಉಟ್ಟು, ಕೈ ತುಂಬ ಹಸಿರು ಬಳೆ ತೊಟ್ಟು ಕೂತಿದ್ದಳು. ಆರತಿ ಮುಗಿದ ಮೇಲೆ ನಾನು ಕುಂಕುಮ ಹಚ್ಚಲು ಬಗ್ಗಿದಾಗ ನನ್ನ ಮಣಿಕಟ್ಟು ಹಿಡಿದು, ಕಿವಿಯಲ್ಲಿ, “ಬಂತೇನ?” ಅಂದಳು.

ಉಪ್ಪಿನ ವಾಸನೆ ನಾಲಿಗೆಯ ತುದಿಗೇ ಇತ್ತು. ಆದರೆ ಅವಳ ಕಣ್ಣು ನೋಡಿದರೆ, ಇದನ್ನು ಅವಳು ನಂಬುತ್ತಾಳೆ ಅಂತ ಗೊತ್ತಾಯಿತು. ಪೂರ್ತಿ ನಂಬುತ್ತಾಳೆ. ಅದಕ್ಕೇ ಹೇಳಲಾಗಲಿಲ್ಲ.

“ಬರಂಗಿಲ್ಲ ವೈನಿ. ನಿಂತ ಹೋತು. ಕಡೀಕ ಏನಾತಂತ ಆಕಿಗೂ ಗೊತ್ತಿಲ್ಲ. ಪುಸ್ತಕ ಬಂದ ಮ್ಯಾಲೇ.”

“ಯಾವಾಗ ಬರತೈತಿ?”

“ವರ್ಷಾ ಹಿಡೀಬಹುದು. ಇನ್ನೂ ಹೆಚ್ಚಿಗಿ ಆದರೂ ಆತು.”

ಕೈ ಬಿಟ್ಟಳು. “ಮತ್ತ ಇಷ್ಟ ದಿನಾ ಕಥಿ ಯಾಕ ಹೇಳಿದಿ?” ಅಂದಳು. ಜೋರಾಗಿ ಅಲ್ಲ, ಆದರೆ ಪಕ್ಕದಲ್ಲಿದ್ದ ಅತ್ತೆ ತಿರುಗಿ ನೋಡಿದರು. ಆಮೇಲೆ ಜೀಪು ಹತ್ತುವಾಗ ಅವ್ವನ ಕಾಲಿಗೆ ಬಿದ್ದಳು, ಅಣ್ಣನಿಗೆ ಕೆಮ್ಮಿನ ಗುಳಿಗೆ ತಗೋ ಅಂದಳು, ನನ್ನನ್ನು ನೋಡಲಿಲ್ಲ. ಜೀಪು ಮಹಾಲಿಂಗಪುರದ ರಸ್ತೆಗೆ ತಿರುಗಿದ ಮೇಲೂ ನಾನು ಕೈ ಎತ್ತಿಕೊಂಡೇ ನಿಂತಿದ್ದೆ.

ಮುಂದಿನ ದಿನಗಳು ಹೇಗೆ ಕಳೆದವು ಅಂದರೆ, ಕಳೆಯಲಿಲ್ಲ. ಕಂಡಿಕೆ ಸುತ್ತುವ ಕೆಲಸ ನನಗೆ ಬಂತು. ಗುಂಪಿನವರು ಬೇರೆ ಕಾದಂಬರಿ ಕೊಟ್ಟರು, ಎರಡು ಪುಟ ತಿದ್ದಿ ಬಿಟ್ಟೆ. ವೈನಿಯ ನಂಬರು ತೆಗೆಯುವುದು, ಮುಚ್ಚುವುದು. ಏನಂತ ಮಾತಾಡಲಿ? ಕ್ಷಮೆ ಕೇಳುವಂಥದ್ದೇನೂ ಇರಲಿಲ್ಲ, ಅದೇ ಕಷ್ಟವಾಗಿತ್ತು.

ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಹೇಗಿದ್ದೀ, ಊಟವಾಯಿತೇ, ಒಂದೂ ಇಲ್ಲ.

“ಆ ದೋಣಿ ನಡಸೋ ಮುದುಕಿಗಿ ಯಾವ ಕಣ್ಣ ಇದ್ದಿದ್ದಿಲ್ಲ? ಎಡಗಣ್ಣೋ ಬಲಗಣ್ಣೋ?”

“ಎಡಗಣ್ಣ. ಯಾಕ ವೈನಿ?”

“ಇಲ್ಲೆ ನಮ್ಮ ತಂಗಿಗಿ, ಅವ್ವಗ ಹೇಳಾಕತ್ತೇನಿ. ಬಾಜೂ ಕ್ವಾರ್ಟರ್ಸಿನವರೂ ಬಂದ ಕುಂಡ್ರತಾರ.”

“ಖರೇನ? ಮತ್ತ ಕಡೀಕ ಹ್ವಾದಾಗ ಏನ ಮಾಡ್ತಿ? ಅಲ್ಲೇ ನಿಲ್ತೈತಿ ಅದು.”

“ನಿಲ್ಲಲಿ. ಅವರೂ ಒದ್ದಾಡ್ಲಿ. ನಾ ಒಬ್ಬಾಕಿನ ಯಾಕ ಒದ್ದಾಡಬೇಕ?”

ನಾನು ಜೋರಾಗಿ ನಕ್ಕುಬಿಟ್ಟೆ. ಅವಳು ನಗಲಿಲ್ಲ, ಆದರೆ ಫೋನನ್ನೂ ಇಡಲಿಲ್ಲ. ಹಾಗೇ ಪಕ್ಕಕ್ಕಿಟ್ಟು ಹೇಳತೊಡಗಿದಳು. ನಾನು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ತಿರುಗುತ್ತ ಕೇಳಿದೆ. ತಪ್ಪೋ ತಪ್ಪು! ಡ್ರ್ಯಾಗನ್ನಿಗೆ ಮೀಸೆ ಬಂದಿತ್ತು. ಕಚೇರಿಗೆ ಶಿಫ್ಟ್ ಡ್ಯೂಟಿ ಬಂದಿತ್ತು, ಪಾಳಿ ಬದಲಾದಾಗ ಕೂಗುವ ಫ್ಯಾಕ್ಟರಿಯ ಭೋಂಗಾ ಬಂದಿತ್ತು. ಸೊಸೆ ಒಂದೇ ದಿನದಲ್ಲಿ ದಾಟಿದ ಸಮುದ್ರವನ್ನು ವೈನಿ ವಾರಗಟ್ಟಲೆ ದಾಟಿಸುತ್ತಿದ್ದಳು. ನಡುವೆ ನಾನು ತಿದ್ದಿದ ಕಥೆಯಲ್ಲಿ ಇಲ್ಲದ ಒಂದು ನಡುಗಡ್ಡೆಯೂ ಬಂತು. ಅಲ್ಲಿ ಒಬ್ಬ ಬಸುರಿ, ಯಾರಿಗೋ ಕಾಯುತ್ತ ಕೂತವಳು. ಹಾಗಲ್ಲ ವೈನಿ ಅನ್ನಲು ನನ್ನ ಬಾಯಿ ತೆರೆದೇ ಇತ್ತು.

ಆಗ ವೈನಿಯ ಅವ್ವ, ಬೀಗರ ಮನೆ ಅಂತ ನಮ್ಮಲ್ಲಿಗೆ ಬಂದಾಗ ಹೂಂ, ಹೌದು ಬಿಟ್ಟು ಮಾತೇ ಆಡದವರು, ಫೋನಿನ ಆ ಕಡೆಯಿಂದ ಕೇಳಿದರು:

“ಯಾರಿಗಿ ಕಾಯಾಕತ್ತಿದ್ಲಬೇ ಆಕಿ?”

ನಾನು ನಡೆಯುವುದು ನಿಲ್ಲಿಸಿದೆ. ನನಗೂ ಗೊತ್ತಿರಲಿಲ್ಲ.

“ನಾಳಿ ಹೇಳತೇನಿ,” ಅಂದಳು ವೈನಿ, ಮತ್ತು ಫೋನ್ ಕಟ್ ಮಾಡಿದಳು.